ಚಿನ್ನದ ತಕ್ಕಡಿಯಲ್ಲಿ ಪಿಸ್ಟನ್

ನಾಲ್ಕು ಪಿಸ್ಟನ್‌ಗಳನ್ನು ಒಂದೊಂದಾಗಿ ತಕ್ಕಡಿಗೆ ಇಟ್ಟು, ಬಂದ ತೂಕವನ್ನು ಆಯಾ ಪಿಸ್ಟನ್ನಿನ ನೆತ್ತಿಯ ಮೇಲೇ ಮಾರ್ಕರ್ ಪೆನ್ನಿನಲ್ಲಿ ಬರೆಯುತ್ತಾ ಹೋದರು ಮೇಸ್ತ್ರಿ. ಮೂರರ ತೂಕ ಹೆಚ್ಚೂಕಡಿಮೆ ಒಂದೇ. ಒಂದು ಮಾತ್ರ 4 ಗ್ರಾಂ ಜಾಸ್ತಿ. ತಕ್ಕಡಿಯೋ, ಚಿನ್ನದಂಗಡಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟುಕೊಳ್ಳುವಂಥದ್ದು. ಫ್ಯಾನ್ ಗಾಳಿ ತಾಗಿದರೂ ಅಂಕಿ ಅಲುಗಾಡುತ್ತದೆ. ಅದಕ್ಕೇ ಶೆಡ್ಡಿನ ಬಾಗಿಲು ಮುಂದಕ್ಕೆ ಮಾಡಿ, ಫ್ಯಾನ್ ಆರಿಸಿ, ಬೆವರುತ್ತಾ ಕೂತಿದ್ದರು.

4 ಗ್ರಾಂ ಏನು ಮಹಾ ಅಂದೆ. ಅವರು ಲೆಕ್ಕ ಹೇಳಿದರು. ಈ ಎಂಜಿನ್ನಿನ ಸ್ಟ್ರೋಕ್ 82 ಮಿ.ಮೀ. ನಿಮಿಷಕ್ಕೆ 6,000 ಸುತ್ತು ತಿರುಗಿಸಿದರೆ ಪಿಸ್ಟನ್ 12,000 ಸಲ ನಿಂತು ದಿಕ್ಕು ಬದಲಿಸಬೇಕು. ಆ ಹೊಡೆತದಲ್ಲಿ ತಕ್ಕಡಿಯ 1 ಗ್ರಾಂ ಒಂದೂವರೆ ಕಿಲೋಗೂ ಮೀರಿದ ಎಳೆತವಾಗುತ್ತದೆ. 4 ಗ್ರಾಂ ಅಂದರೆ 6 ಕಿಲೋ ದಾಟಿತು. ಒಂದು ಸಿಲಿಂಡರಿನಲ್ಲಿ ಮಾತ್ರ ಇಷ್ಟು ಹೆಚ್ಚುವರಿ ಜಗ್ಗಾಟ ಇದ್ದರೆ ಮೊದಲು ನಡುಕ, ಆಮೇಲೆ ಬೇರಿಂಗಿಗೆ ಏಟು. ಹಾಗಾಗಿ ಭಾರದ ಪಿಸ್ಟನ್ನನ್ನು ಬೋರಲು ಹಾಕಿ, ಗಜನ್ ಪಿನ್ ಕೂರುವ ದಪ್ಪ ಭಾಗದ ಒಳಬದಿಯಲ್ಲಿ ಪುಟ್ಟ ಗ್ರೈಂಡರಿನಿಂದ ಒಂದಿಷ್ಟೊಂದಿಷ್ಟೇ ತೆಗೆದು ಮತ್ತೆ ತೂಗುತ್ತಾರೆ. ನೆತ್ತಿ ಮುಟ್ಟುವಂತಿಲ್ಲ, ಬದಿ ಮುಟ್ಟುವಂತಿಲ್ಲ. ಜೊತೆಗಿದ್ದ ಹುಡುಗನ ಕೈಗೆ ಗ್ರೈಂಡರ್ ಕೊಟ್ಟಾಗ ಅವರ ಬಾಯಲ್ಲಿ ಬಂದದ್ದು ತೆಲುಗು: ‘ನಿದಾನಂಗಾ ರಾ’. ಈ ಸೀಮೆಯಲ್ಲಿ ಗದರಿಕೆಗೆ ತೆಲುಗು, ಲೆಕ್ಕಕ್ಕೆ ಕನ್ನಡ.

ಕನೆಕ್ಟಿಂಗ್ ರಾಡ್ ತೂಗುವುದು ಇನ್ನೂ ಚೆಂದ. ಇಡೀ ರಾಡಿನ ತೂಕ ಸಮ ಮಾಡಿದರೆ ಸಾಲದು, ಅದರ ಎರಡು ತುದಿಗಳನ್ನೂ ಬೇರೆಬೇರೆ ತೂಗಬೇಕು. ಕ್ರ್ಯಾಂಕಿಗೆ ಕೂರುವ ದೊಡ್ಡ ತುದಿ ಸುತ್ತುತ್ತದೆ, ಪಿಸ್ಟನ್ನಿಗೆ ಸೇರುವ ಸಣ್ಣ ತುದಿ ಮೇಲೆ ಕೆಳಗೆ ಓಡುತ್ತದೆ. ಎರಡರ ಸ್ವಭಾವ ಬೇರೆ. ಇದಕ್ಕೆಂದೇ ಅವರು ಸೂರಿನ ಕಬ್ಬಿಣದ ಕೊಳವೆಯಿಂದ ದಾರ ಇಳಿಬಿಟ್ಟಿದ್ದಾರೆ. ಒಂದು ತುದಿ ದಾರಕ್ಕೆ, ಇನ್ನೊಂದು ತಕ್ಕಡಿಗೆ. ರಾಡು ನೆಲಕ್ಕೆ ಸಮವಾಗಿ ಮಲಗಿರಬೇಕು. ಸಮ ಇದೆಯೋ ಇಲ್ಲವೋ ನೋಡಲು ಗಾರೆ ಕೆಲಸದವರ ರಸಮಟ್ಟ.

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯಲ್ಲಿ ಟ್ರ್ಯಾಕ್ಟರ್ ಹೊಗೆ ಕಾರಲು ಶುರು ಮಾಡಿದರೆ ಜನ ಹುಡುಕಿಕೊಂಡು ಬರುವ ಶೆಡ್ಡು ಇದು. ನಾನು ಹೋದದ್ದು, ಇಲ್ಲಿ ಒಂದು ಹಳೆಯ ಕಾಂಟೆಸಾ ಕಾರಿನ ಎಂಜಿನ್ ಕಟ್ಟುತ್ತಿದ್ದಾರೆ, ಅದೂ ಬರೀ ರಿಪೇರಿಯಲ್ಲ, ಓಟಕ್ಕೆ ಎಂದು ಕೇಳಿ. ಹೆಸರು ಹಾಕಬೇಡಿ ಅಂದರು. ‘ಆರ್‌ಟಿಒ ಆಫೀಸಿನವರೂ ಭಾನುವಾರದ ಪೇಪರ್ ಓದ್ತಾರೆ ಸಾರ್.’

ಕಾಂಟೆಸಾ ನೆನಪಿಲ್ಲದವರಿಗೆ ಒಂದು ಮಾತು. ಬ್ರಿಟನ್ನಿನ ವಾಕ್ಸಾಲ್ ಕಂಪನಿ 1970ರ ದಶಕದಲ್ಲಿ ಮಾಡುತ್ತಿದ್ದ ವಿಎಕ್ಸ್ ಕಾರಿನ ಮೈಕಟ್ಟನ್ನು ಹಿಂದೂಸ್ತಾನ್ ಮೋಟಾರ್ಸ್ ತಂದುಕೊಂಡು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1984ರಿಂದ ಮಾಡಿದ ಕಾರು. ಉದ್ದನೆ ಬಾನೆಟ್, ಅಗಲ ಹೆಗಲು, ಹಿಂದಿನ ಚಕ್ರಕ್ಕೆ ಎಳೆತ. ಅಮೆರಿಕದವರ ಮಸಲ್ ಕಾರಿನ ಗತ್ತು ನಮ್ಮಲ್ಲಿ ಯಾವುದಕ್ಕಾದರೂ ಇದ್ದರೆ ಇದಕ್ಕೇ. ಗತ್ತು ಮಾತ್ರ. ಅಲ್ಲಿ 1964ರಲ್ಲಿ ಪಾಂಟಿಯಾಕ್ ಜಿಟಿಒ ಬಂದಾಗ ಅದರೊಳಗಿದ್ದದ್ದು 6.4 ಲೀಟರಿನ ಎಂಟು ಸಿಲಿಂಡರ್, 325 ಅಶ್ವಶಕ್ತಿ. ನಮ್ಮ ಕಾಂಟೆಸಾಗೆ ಮೊದಲು ಹಾಕಿದ್ದು ಅಂಬಾಸಿಡರಿನ ಅದೇ 1,489 ಸಿಸಿ ಎಂಜಿನ್, 50 ಅಶ್ವಶಕ್ತಿಯ ಆಸುಪಾಸು. ಜೋಡೆತ್ತಿನ ಗಾಡಿಗೆ ಹೋತ ಹೂಡಿದ ಹಾಗೆ. ಆ ದಶಕದ ಕೊನೆಯ ಹೊತ್ತಿಗೆ ಜಪಾನಿನ ಇಸುಜು ಎಂಜಿನ್ ಬಂತು: 84 ಮಿ.ಮೀ. ಬೋರು, 82 ಮಿ.ಮೀ. ಸ್ಟ್ರೋಕ್, 1,817 ಸಿಸಿ, ಐದು ಗೇರು, 88 ಅಶ್ವಶಕ್ತಿ. ಆಗ ಕಾರಿಗೆ ಜೀವ ಬಂತು. ಮಂತ್ರಿಗಳು ಹತ್ತಿದರು, ಸಿನಿಮಾದ ಖಳನಾಯಕರು ಹತ್ತಿದರು. 2002ಕ್ಕೆ ಉತ್ಪಾದನೆ ನಿಂತಿತು. ಈ ಶೆಡ್ಡಿನಲ್ಲಿರುವುದು 1989ರಲ್ಲಿ ನೋಂದಣಿಯಾದ, ಶಿಡ್ಲಘಟ್ಟದ ರೇಷ್ಮೆ ವ್ಯಾಪಾರದ ಮನೆಯೊಂದರ ಕಾರು. ಅಜ್ಜ ಕೊಂಡದ್ದು, ಮೊಮ್ಮಗ ಬೆಂಗಳೂರಿನ ಸಾಫ್ಟ್‌ವೇರ್ ಸಂಬಳದಲ್ಲಿ ಎಬ್ಬಿಸುತ್ತಿರುವುದು.

ಇಂಥ ಕೆಲಸ ಈ ಊರಿಗೆ ಹೇಗೆ ಬಂತು? ಮೇಸ್ತ್ರಿ ಹೇಳುವ ಚರಿತ್ರೆ ಬಾವಿಯಿಂದ ಶುರುವಾಗುತ್ತದೆ. ಈ ಜಿಲ್ಲೆಗಳಲ್ಲಿ ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಅದನ್ನು ಎತ್ತುತ್ತಿದ್ದದ್ದು ಡೀಸೆಲ್ ಪಂಪ್‌ಸೆಟ್ಟುಗಳು. ಬೇಸಿಗೆ ಪೂರ್ತಿ ಓಡಿದ ಎಂಜಿನ್ನುಗಳು ಮಳೆಗಾಲದಲ್ಲಿ ಬೋರು ಸವೆದು ಶೆಡ್ಡಿಗೆ ಬರುತ್ತಿದ್ದವು. ಅವರು ಹುಡುಗನಾಗಿ ಬೆಂಗಳೂರಿನ ಕಲಾಸಿಪಾಳ್ಯದ ಕಡೆ ಕೆಲಸ ಕಲಿತು, ಒಂದು ಹಳೆಯ ಬೋರಿಂಗ್ ಬಾರ್ ಕೊಂಡು ಊರಿಗೆ ಮರಳಿದ್ದೇ ಆ ಪಂಪ್‌ಸೆಟ್ಟುಗಳನ್ನು ನಂಬಿ. ಆಮೇಲೆ ಬಾವಿಗಳು ಬತ್ತಿದವು. ಕೊಳವೆಬಾವಿ ಸಾವಿರ ಅಡಿಗೆ ಇಳಿಯಿತು, ಅಷ್ಟು ಆಳಕ್ಕೆ ಇಳಿಬಿಡುವುದು ಕರೆಂಟಿನ ಸಬ್‌ಮರ್ಸಿಬಲ್ ಮೋಟರು. ಬೋರಿಂಗ್ ಅಂಗಡಿಗಳಿದ್ದ ಕಡೆ ವೈಂಡಿಂಗ್ ಅಂಗಡಿಗಳೆದ್ದವು. ಅವರ ಮಗನೂ ಚಿಂತಾಮಣಿಯಲ್ಲಿ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಸುತ್ತಿನ ಹುಡುಗರು ಐಟಿಐ ಮುಗಿಸಿದರೆ ಬಸ್ಸು ಹತ್ತುವುದು ಕೋಲಾರದ ನರಸಾಪುರದ ಕಾರ್ಖಾನೆಗಳಿಗೆ. ತಕರಾರೇನಲ್ಲ, ಅಲ್ಲಿ ಪಿಎಫ್ ಇದೆ.

ಓಟದ ಎಂಜಿನ್ನಿನ ಗೀಳು ಹಿಡಿದದ್ದು ಕಲಾಸಿಪಾಳ್ಯದ ಗುರುಗಳಿಂದ. ಮದ್ರಾಸಿನ ಹತ್ತಿರ ಶೋಲಾವರಂನಲ್ಲಿ, ಎರಡನೇ ಮಹಾಯುದ್ಧದ ಕಾಲದ ವಿಮಾನದ ಪಟ್ಟಿಯ ಮೇಲೆ ಆಗ ವರ್ಷವರ್ಷವೂ ರೇಸು ನಡೆಯುತ್ತಿತ್ತು. ಅಲ್ಲಿಗೆ ಹೋಗುವ ಫಿಯಟ್‌ಗಳ ಹೆಡ್ಡುಗಳನ್ನು ಗುರುಗಳು ರಾತ್ರಿ ಅಂಗಡಿ ಮುಚ್ಚಿದ ಮೇಲೆ ತಿದ್ದುತ್ತಿದ್ದರಂತೆ. ‘ಹಗಲು ಲಾರಿ, ರಾತ್ರಿ ರೇಸು’ ಅಂದರು ಮೇಸ್ತ್ರಿ. ಶೋಲಾವರಂ ಬಗ್ಗೆ ಇನ್ನೂ ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಟ್ರ್ಯಾಕ್ಟರೊಂದು ಬಂತು.

ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ್ದ ಒಂದು ಕಬ್ಬಿಣದ ಗಟ್ಟಿಯ ಬಗ್ಗೆ ಹೇಳಲೇಬೇಕು. ಎರಡು ಇಂಚು ದಪ್ಪದ ಉಕ್ಕಿನ ಪ್ಲೇಟು, ಅದರಲ್ಲಿ ನಾಲ್ಕು ದೊಡ್ಡ ತೂತು, ಸುತ್ತ ಬೋಲ್ಟುಗಳ ಸಣ್ಣ ತೂತುಗಳು. ಬ್ಲಾಕಿಗೆ ಬೋರು ಹೊಡೆದು ಹೋನಿಂಗ್ ಮಾಡುವಾಗ ಮೇಲೆ ಹೆಡ್ಡು ಇರುವುದಿಲ್ಲ. ಆಮೇಲೆ ಹೆಡ್ಡು ಕೂರಿಸಿ ಬೋಲ್ಟು ಬಿಗಿದರೆ ಆ ಬಿಗಿತಕ್ಕೆ ಬ್ಲಾಕಿನ ಗೋಡೆ ಎಳೆಸಿಕೊಳ್ಳುತ್ತದೆ, ದುಂಡಗೆ ಕೊರೆದ ಬೋರು ಒಂದು ಥೌನಷ್ಟು ಸೊಟ್ಟಗಾಗುತ್ತದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಪಿಸ್ಟನ್ನಿಗೂ ಗೋಡೆಗೂ ಬಿಡುವ ಸಂದೇ ಎರಡು ಥೌ ಆಸುಪಾಸು ಇರುವಾಗ ಒಂದು ಥೌ ಸಣ್ಣದಲ್ಲ. ಟ್ರ್ಯಾಕ್ಟರಿನಲ್ಲಿ ರಿಂಗು ಹೇಗೋ ಹೊಂದಿಕೊಂಡು ಓಡುತ್ತದೆ. 6,000 ಸುತ್ತಿನಲ್ಲಿ ಹೊಂದಿಕೊಳ್ಳಲು ಅದಕ್ಕೆ ಪುರುಸೊತ್ತಿಲ್ಲ. ಆದ್ದರಿಂದ ಹೆಡ್ಡಿನ ಬದಲು ಈ ಪ್ಲೇಟನ್ನು ಕೂರಿಸಿ, ಹೆಡ್ಡಿಗೆ ಹಾಕುವಷ್ಟೇ ಬಿಗಿತದಲ್ಲಿ ಟಾರ್ಕ್ ರೆಂಚಿನಿಂದ ಬಿಗಿದು, ಬ್ಲಾಕು ಎಷ್ಟು ಸೊಟ್ಟಗಾಗಬೇಕೋ ಆಗಲು ಬಿಟ್ಟು, ಆ ಸೊಟ್ಟದೊಳಗೆ ದುಂಡಗೆ ಹೋನ್ ಮಾಡುತ್ತಾರೆ. ಪ್ಲೇಟು ಬಿಚ್ಚಿದರೆ ಬೋರು ಸೊಟ್ಟ. ಹೆಡ್ಡು ಕೂತಾಗ ದುಂಡು.

ನನಗೆ ತೋರಿಸಲೆಂದು ಬೋರ್ ಗೇಜನ್ನು ಎರಡು ಸಲ ಇಳಿಸಿದರು. ಪ್ಲೇಟು ಬಿಗಿದಿದ್ದಾಗ ಡಯಲ್ಲಿನ ಮುಳ್ಳು ಸುತ್ತ ತಿರುಗಿಸಿದರೂ ಕದಲಲಿಲ್ಲ. ಬಿಚ್ಚಿದ ಮೇಲೆ ಒಂದು ಕಡೆ ಮುಕ್ಕಾಲು ಗೆರೆ ಸರಿಯಿತು. ‘ಈಗ ಇದನ್ನ ಬೇರೆ ಯಾರಾದ್ರೂ ಅಳೆದ್ರೆ, ಯಾರೋ ಕೆಲಸ ಬಾರದವನು ಹೋನ್ ಮಾಡಿದಾನೆ ಅಂತಾರೆ’ ಎಂದು ನಕ್ಕರು. ಈ ಪ್ಲೇಟು ಮಾಡಿಸಲು ಕೊಟ್ಟ ದುಡ್ಡು ಅವರಿಗೆ ಇನ್ನೂ ಹುಟ್ಟಿಲ್ಲ. ಕಾಂಟೆಸಾ ಬ್ಲಾಕಿಗಷ್ಟೇ ಆಗುವ ಪ್ಲೇಟು, ಅಂಥ ಬ್ಲಾಕು ಎಷ್ಟು ಬರಬೇಕು?

ಈ ಬ್ಲಾಕಿಗೆ 40 ಥೌ ಓವರ್‌ಸೈಜ್ ಹೊಡೆದಿದ್ದಾರೆ. ಅಂದರೆ ಬೋರು 84ರಿಂದ 85 ಮಿ.ಮೀ.ಗೆ ಬಂತು, 1,817 ಸಿಸಿ ಇದ್ದದ್ದು 1,860ರ ಹತ್ತಿರಕ್ಕೆ ಹೋಯಿತು. ಅದರಿಂದ ಬರುವ ಲಾಭ ಅಷ್ಟಕ್ಕಷ್ಟೇ. ನಿಜವಾದ ಲಾಭ ಇರುವುದು ಕಂಪ್ರೆಷನ್ನಿನಲ್ಲಿ. ಹೆಡ್ಡನ್ನು ಬೋರಲು ಮಲಗಿಸಿ, ವಾಲ್ವು, ಪ್ಲಗ್ಗು ಹಾಕಿ, ಗ್ರೀಸ್ ಹಚ್ಚಿದ ಗಾಜಿನ ತುಂಡೊಂದನ್ನು ಮುಚ್ಚಿ, ಅದರ ಸಣ್ಣ ತೂತಿನಿಂದ ಬ್ಯೂರೆಟ್ಟಿನಲ್ಲಿ ಸೀಮೆಎಣ್ಣೆ ಬಿಡುತ್ತಾರೆ. ಪಿಯುಸಿಯಲ್ಲಿ ಆಮ್ಲ ಕ್ಷಾರ ಅಳೆದದ್ದು ಇದೇ ಬ್ಯೂರೆಟ್ಟಿನಲ್ಲಿ. ಚೇಂಬರು ಎಷ್ಟು ಸಿಸಿ ಕುಡಿಯಿತೋ ಅದಕ್ಕೆ ಪ್ಯಾಕಿಂಗಿನ ದಪ್ಪದ ಜಾಗ ಸೇರಿಸಿ ಲೆಕ್ಕ. ಒಂದು ಸಿಲಿಂಡರು ಈಗ 465 ಸಿಸಿ. ಮೇಲೆ ಉಳಿಯುವ ಜಾಗ 62 ಸಿಸಿ ಇದ್ದರೆ ಕಂಪ್ರೆಷನ್ 8.5, ಹೆಡ್ಡಿನ ಮುಖ ಕೆತ್ತಿ ಅದನ್ನು 55ಕ್ಕೆ ಇಳಿಸಿದರೆ 9.5ರ ಹತ್ತಿರ. ನಾಲ್ಕೂ ಚೇಂಬರು ಒಂದೇ ಅಳತೆಗೆ ಬರುವ ತನಕ ಸೀಮೆಎಣ್ಣೆ ಬಿಡುವುದು, ಒರೆಸುವುದು, ಉಜ್ಜುವುದು. ನೋಡುವವರಿಗೆ ಬೇಸರದ ಕೆಲಸ. ನಾನು ಟೀ ಕುಡಿದು ಬಂದೆ, ಮೂರನೆಯ ಚೇಂಬರಿನಲ್ಲೇ ಇದ್ದರು.

ಮಿಕ್ಕದ್ದು ಬೇಗ ಹೇಳಿಬಿಡುತ್ತೇನೆ. ಪೋರ್ಟುಗಳನ್ನು ಎಮರಿಯಲ್ಲಿ ತೀಡಿ ಮ್ಯಾನಿಫೋಲ್ಡಿಗೆ ಹೊಂದಿಸುವುದು, ರಿಂಗಿನ ಬಾಯಿ ಅರದಲ್ಲಿ ಉಜ್ಜಿ ಬೋರಿನ ಪ್ರತಿ ಇಂಚಿಗೆ ನಾಲ್ಕು ಥೌ ಲೆಕ್ಕದಲ್ಲಿ ಸಂದು ಬಿಡುವುದು, ಕ್ರ್ಯಾಂಕ್ ಗ್ರೈಂಡಿಂಗಿಗೆ ಬೆಂಗಳೂರಿಗೆ ಕಳಿಸುವುದು. ಆ ಯಂತ್ರ ಈ ಶೆಡ್ಡಿನಲ್ಲಿಲ್ಲ. ಕ್ಯಾಮ್ ಬಗ್ಗೆ ಮೇಸ್ತ್ರಿ ಬಾಯಿ ಬಿಡಲಿಲ್ಲ. ಮೊಮ್ಮಗನಿಗೆ ಎರಡು ವೆಬರ್ ಕಾರ್ಬುರೇಟರ್ ಹಾಕಿಸುವ ಆಸೆ ಇದೆ, ಮೇಸ್ತ್ರಿಗೆ ಇಲ್ಲ. ಫೋಟೋಕ್ಕೆ ಚೆನ್ನಾಗಿರುತ್ತದೆ ಅನ್ನುವುದು ಅವರ ಅಭಿಪ್ರಾಯ.

ಪೆಟ್ರೋಲಿನ ಚಿಂತೆ ಬೇರೆ. ಈ ಎಂಜಿನ್ ಹುಟ್ಟಿದ ಕಾಲದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು. 2000ದಲ್ಲಿ ಅದು ದೇಶದಲ್ಲೆಲ್ಲ ನಿಂತಿತು. ಸೀಸದ ಆಸರೆ ಹೋದ ಮೇಲೆ ಎಷ್ಟೋ ಹಳೆ ಎಂಜಿನ್ನುಗಳ ವಾಲ್ವ್ ಸೀಟು ಸವೆದು ಕುಸಿದವು, ಗಟ್ಟಿ ಸೀಟು ಹಾಕಿಕೊಟ್ಟು ಮೇಸ್ತ್ರಿಗಳು ಒಂದಷ್ಟು ವರ್ಷ ಬದುಕಿದರು. ಈಗ ಬಂಕಿನಲ್ಲಿ ಸಿಗುವುದು ಇ20, ನೂರಕ್ಕೆ 20 ಪಾಲು ಎಥನಾಲ್. ಎಥನಾಲಿನಿಂದ ಆಕ್ಟೇನ್ ಏರುತ್ತದೆ, ಆದ್ದರಿಂದಲೇ 9.5 ಕಂಪ್ರೆಷನ್ನಿನ ಧೈರ್ಯ. ಆದರೆ ಅದೇ ಎಥನಾಲ್ ಹಳೆ ಪಂಪಿನ ಡಯಾಫ್ರಮ್ಮನ್ನೂ ರಬ್ಬರ್ ಪೈಪನ್ನೂ ತಿನ್ನುತ್ತದೆ, ಲೀಟರಿಗೆ ಸಿಗುವ ಕಾವೂ ಕಡಿಮೆ, ಜೆಟ್ಟು ದೊಡ್ಡದು ಮಾಡಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ಪೆಟ್ರೋಲು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ರೂಪವನ್ನು ನಮಗೆ ಬೇಕಾದಂತೆ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ರಸ್ತೆಯ ಮೇಲಿನ ಸುರಕ್ಷತೆಗೆ ಅದು ಬೇಕಾದದ್ದೇ, ಸೈಲೆನ್ಸರ್ ಕಿತ್ತು ಊರೆಬ್ಬಿಸುವವರನ್ನು ಕಂಡರೆ ನನಗೂ ಆಗದು. ಆದರೆ ಈ ಮೇಸ್ತ್ರಿ ಬೇರೆ ಎಂಜಿನ್ ತಂದು ತುರುಕುತ್ತಿಲ್ಲ. ಅದೇ ಬ್ಲಾಕು, ಅದೇ ನಂಬರು. ಸವೆದ ಬೋರಿಗೆ ಓವರ್‌ಸೈಜ್ ಪಿಸ್ಟನ್ ಹಾಕುವುದು ಆ ಕಾಲದ ರಿಪೇರಿಯ ವಾಡಿಕೆಯೇ. ಅದನ್ನು ಶ್ರದ್ಧೆಯಿಂದ ಮಾಡಿದರೆ ಎಷ್ಟು ವೇಗ ಬರುತ್ತದೋ ಅಷ್ಟೇ ಅವರ ಗುರಿ. ಇತ್ತ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿ, ಪ್ರತ್ಯೇಕ ನಂಬರು, ಪ್ರತ್ಯೇಕ ಮರ್ಯಾದೆ ಕೊಟ್ಟಿತು. ಅದಕ್ಕೆ ವಾಹನಕ್ಕೆ 50 ವರ್ಷ ತುಂಬಿರಬೇಕು. ಮೊಟ್ಟಮೊದಲ ಕಾಂಟೆಸಾಗೂ 2034ರವರೆಗೆ ಆ ಭಾಗ್ಯವಿಲ್ಲ. 15 ವರ್ಷ ದಾಟಿದ್ದಕ್ಕೆ ಹಸಿರು ತೆರಿಗೆ, ಐದೈದು ವರ್ಷಕ್ಕೊಮ್ಮೆ ಮರುನೋಂದಣಿ. ಗುಜರಿಗೆ ಹಾಕಲು ಸಾಕಷ್ಟು ಹಳೆಯದು, ಗೌರವಿಸಲು ಇನ್ನೂ ಹೊಸದು. 1980ರ ದಶಕದ ನಮ್ಮ ಕಾರುಗಳೆಲ್ಲ ಈ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡಿವೆ. ಅವನ್ನು ಬಲ್ಲ ಕೈಗಳೂ ಅಲ್ಲೇ. ಐಟಿಐಗಳ ಮೋಟಾರ್ ಮೆಕ್ಯಾನಿಕ್ ತರಗತಿಯ ಹುಡುಗರನ್ನು ವರ್ಷಕ್ಕೊಂದು ವಾರ ಇಂಥ ಶೆಡ್ಡುಗಳಿಗೆ ಕಳಿಸಿದರೆ ಯಾರ ಗಂಟೂ ಹೋಗದು.

ಮೊಮ್ಮಗನ ಕಾರಿಗೆ 50 ತುಂಬುವುದು 2039ಕ್ಕೆ. ಅಲ್ಲಿಯವರೆಗೆ ಈ ಎಂಜಿನ್ ಬರುತ್ತದಾ ಅಂತ ಕೇಳಿದೆ. ಅರವತ್ತು ದಾಟಿದ ಮೇಸ್ತ್ರಿ ಕೈ ಒರೆಸಿಕೊಂಡು ಲೆಕ್ಕ ಹಾಕಿದರು. ಮಾಲೀಕರು ಆಯಿಲ್ ಸರಿಯಾಗಿ ಬದಲಿಸಿದರೆ ಬರುತ್ತದೆ. ಓಡಿಸಿ ಓಡಿಸಿ ಸವೆಸಿದರೆ ನಡುವೆ ಇನ್ನೊಂದು ಸಲ ಬಿಚ್ಚಬೇಕಾಗುತ್ತದೆ, ಆಗ ಸ್ಲೀವ್ ಹಾಕಿ ಮತ್ತೆ 84ಕ್ಕೆ ತರಬಹುದು.

‘ಸ್ಲೀವ್ ಹಾಕೋಕೆ ಬಾರ್ ಇದೆ, ಪ್ಲೇಟೂ ಇದೆ. ಹುಡುಗ ಇದಾನಲ್ಲ, ಇವನು ಇರ್ತಾನೋ ನೋಡಬೇಕು ಸಾರ್. ನರಸಾಪುರದಲ್ಲಿ ಇಂಟರ್‌ವ್ಯೂ ಇದೆಯಂತೆ, ಸೋಮವಾರ ರಜ ಕೇಳಿದಾನೆ.’