ಐವರ ಆಟ, ಆರನೆಯ ಕುರ್ಚಿ

ಮೊಮ್ಮಗ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಂಪ್ಯೂಟರ್ ಮುಂದೆ ಕೂತರೆ ಸಾಕು, ‘ಶುರುವಾಯಿತಪ್ಪಾ ಇವನದು’ ಎಂದು ಗೊಣಗುವುದು ನಮ್ಮ ಓರಗೆಯವರ ರೂಢಿ. ಗೊಣಗುವುದಕ್ಕೆ ಕಾರಣವಿಲ್ಲದೆ ಇಲ್ಲ. ಅದನ್ನು ಆಮೇಲೆ ನೋಡೋಣ. ಈ ಆಟವನ್ನೇ ಉದ್ಯೋಗ ಮಾಡಿಕೊಂಡು, ತಿಂಗಳ ಸಂಬಳ ಪಡೆದು, ತರಬೇತುದಾರರ ಕೈಕೆಳಗೆ ಆಡುವ ಯುವಕರು ಇಂದು ಹಲವು ದೇಶಗಳಲ್ಲಿದ್ದಾರೆ. ಇದಕ್ಕೆ ಇ-ಸ್ಪೋರ್ಟ್ಸ್ ಎಂದು ಹೆಸರು. ಈ ಹುಡುಗರಿಗೆ ಮನಸ್ಸು ಸೋತಾಗ ರಜೆ ಸಿಗುತ್ತದೆಯೇ? ಒಬ್ಬ ರಜೆ ಹಾಕಿದರೆ ಅವನ ಕುರ್ಚಿಯಲ್ಲಿ ಯಾರು ಕೂರಬೇಕು? ನಲವತ್ತು ವರ್ಷ ರಜೆ ಅರ್ಜಿ ಬರೆದು ಬದುಕಿದ ನನ್ನಂಥವನಿಗೆ ಇದು ಕುತೂಹಲದ ವಿಷಯ.

ಮೊದಲು ಆಟವೇನೆಂದು ಹೇಳಿಬಿಡುತ್ತೇನೆ. ಮಕ್ಕಳಿಗೆ ಗೊತ್ತಿರುತ್ತದೆ, ಇದು ಅಜ್ಜ-ಅಜ್ಜಿಯರಿಗಾಗಿ. ‘ಕೌಂಟರ್-ಸ್ಟ್ರೈಕ್’ ಎಂಬ ಆಟದಲ್ಲಿ ಎರಡು ತಂಡ, ತಂಡಕ್ಕೆ ಐವರು. (ಗುಂಡು ಹಾರಿಸುವ ಆಟ, ದೊಡ್ಡವರಿಗೆ ಮಾತ್ರ. ಚಿಕ್ಕ ಮಕ್ಕಳು ಆಡಬೇಕಾದದ್ದಲ್ಲ ಎಂಬುದನ್ನು ಇಲ್ಲೇ ಹೇಳಿಟ್ಟಿರುತ್ತೇನೆ.) ಒಂದೊಂದು ಸುತ್ತಿಗೆ 1 ನಿಮಿಷ 55 ಸೆಕೆಂಡು. 2020ರ ಹೊತ್ತಿನ ನಿಯಮದಲ್ಲಿ 16 ಸುತ್ತು ಮೊದಲು ಗೆದ್ದ ತಂಡಕ್ಕೆ ಒಂದು ಆಟ. ಅಂಥ ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಪಂದ್ಯ. ಪೈಪೋಟಿ ಬಿಗಿಯಾದರೆ ಮೂರು ಗಂಟೆ ದಾಟುತ್ತದೆ. ಅಷ್ಟು ಹೊತ್ತೂ ಐವರೂ ಒಬ್ಬರ ಮಾತನ್ನೊಬ್ಬರು ಕಿವಿಯಲ್ಲಿ ಕೇಳುತ್ತಾ, ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡುತ್ತಾ ಇರಬೇಕು. ಕ್ರಿಕೆಟ್ಟಿನಲ್ಲಾದರೆ ಔಟಾದವನು ಪೆವಿಲಿಯನ್ನಿಗೆ ಹೋಗಿ ಪ್ಯಾಡು ಬಿಚ್ಚಿ ಚಹಾ ಕುಡಿಯಬಹುದು. ಇಲ್ಲಿ ಔಟಾದವನು ಮುಂದಿನ ನಿಮಿಷದಲ್ಲೇ ಮತ್ತೆ ಕಣಕ್ಕಿಳಿಯಬೇಕು.

ಪಂದ್ಯದ ಮೂರು ಗಂಟೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದರ ಹಿಂದೆ ದಿನಗಟ್ಟಲೆ ಅಭ್ಯಾಸ, ಎದುರಾಳಿಯ ಹಳೆಯ ಆಟಗಳನ್ನು ನೋಡಿ ಟಿಪ್ಪಣಿ ಮಾಡುವುದು, ವಿಮಾನದಲ್ಲಿ ದೇಶದಿಂದ ದೇಶಕ್ಕೆ ಅಲೆದಾಟ, ಹೋಟೆಲಿನ ಊಟ, ಸೋತ ರಾತ್ರಿ ಅಭಿಮಾನಿಗಳಿಂದ ಬರುವ ಬೈಗುಳ. ಚೀನಾದ ಜಿಯಾನ್ ಝಿಹಾವೊ ಎಂಬವರು ‘ಲೀಗ್ ಆಫ್ ಲೆಜೆಂಡ್ಸ್’ ಎಂಬ ಇನ್ನೊಂದು ಆಟದ ಮಹಾ ಆಟಗಾರ. ಆಟದಲ್ಲಿ ಅವರ ಹೆಸರು ಊಝಿ. 2020ರ ಜೂನ್‌ನಲ್ಲಿ ಅವರು ನಿವೃತ್ತಿ ಘೋಷಿಸಿದರು. ಕಾರಣ: ವರ್ಷಗಟ್ಟಲೆಯ ಒತ್ತಡ, ಹೊತ್ತುಗೊತ್ತಿಲ್ಲದ ಊಟ-ನಿದ್ದೆ, ಎರಡನೇ ಬಗೆಯ ಮಧುಮೇಹ, ಕೈ ನೋವು. ವಯಸ್ಸು 23! ನಮ್ಮ ಕಾಲದಲ್ಲಿ ಆ ವಯಸ್ಸಿಗೆ ಕೆಲಸದ ಪರೀಕ್ಷೆಗೆ ಅರ್ಜಿ ಹಾಕುತ್ತಿದ್ದೆವು. ಊಝಿ ಮುಂದೆ ಒಂದೆರಡು ಸಲ ಮರಳಿ ಬಂದರಾದರೂ ಹಳೆಯ ಎತ್ತರ ಮತ್ತೆ ಸಿಗಲಿಲ್ಲ.

ಅದಕ್ಕೆ ಕೆಲವೇ ದಿನ ಮುಂಚೆ, 2020ರ ಮೇ ತಿಂಗಳಲ್ಲಿ, ಡೆನ್ಮಾರ್ಕಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿಯ ಆಸ್ಟ್ರಾಲಿಸ್ ಎಂಬ ಕೌಂಟರ್-ಸ್ಟ್ರೈಕ್ ತಂಡ ಆ ಹೊತ್ತಿಗೆ ‘ಮೇಜರ್’ ಎಂಬ ಅತಿದೊಡ್ಡ ಪಂದ್ಯಾವಳಿಯನ್ನು ನಾಲ್ಕು ಸಲ ಗೆದ್ದಿತ್ತು. 2017ರಲ್ಲಿ ಅಟ್ಲಾಂಟಾ, 2018ರಲ್ಲಿ ಲಂಡನ್, 2019ರಲ್ಲಿ ಕಟೊವಿಸೆ ಮತ್ತು ಬರ್ಲಿನ್. ಅದರ ನಾಯಕ ಲೂಕಾಸ್ ರೊಸಾಂಡರ್, ಆಟದ ಹೆಸರು ಗ್ಲೇವ್. ತಂಡದ ಐವರೂ ಏನು ಮಾಡಬೇಕೆಂದು ಪ್ರತಿ ಸುತ್ತಿನಲ್ಲೂ ಹೇಳುವ ಹೊಣೆ ಇವರದು. ತನ್ನ ಆಟ ಆಡುವುದರ ಜೊತೆಗೆ ಉಳಿದ ನಾಲ್ವರ ಆಟವನ್ನೂ ತಲೆಯಲ್ಲಿ ಹೊತ್ತಿರಬೇಕು. ಆ ಗ್ಲೇವ್ ಒತ್ತಡದಿಂದ ಬಳಲಿ ಮೂರು ತಿಂಗಳ ರಜೆ ತೆಗೆದುಕೊಂಡರು. ಜ್ವರವಿಲ್ಲ, ಮುರಿದ ಮೂಳೆಯಿಲ್ಲ. ತಂಡ ಅದನ್ನು ಮುಚ್ಚಿಡದೆ ಪ್ರಪಂಚಕ್ಕೆ ಹೇಳಿತು. ಕೆಲವೇ ದಿನಗಳಲ್ಲಿ ಅದೇ ತಂಡದ ಆಂಡ್ರಿಯಾಸ್ ಹೊಯ್ಸ್‌ಲೆತ್ ಕೂಡ ಅದೇ ಕಾರಣಕ್ಕೆ ವಿರಾಮ ಪಡೆದರು. ಐವರಲ್ಲಿ ಇಬ್ಬರು ಇಲ್ಲ.

ಒಂದು ವಿಶೇಷ ಗಮನಿಸಿ. ಆಸ್ಟ್ರಾಲಿಸ್‌ನ ಮಾಲೀಕ ಕಂಪನಿ 2019ರ ಡಿಸೆಂಬರ್‌ನಲ್ಲಿ ಕೋಪನ್‌ಹೇಗನ್ ಷೇರು ಪೇಟೆಯಲ್ಲಿ ನೋಂದಾಯಿಸಿಕೊಂಡಿತ್ತು. ಷೇರುದಾರರು ಕಣ್ಣಿಟ್ಟು ನೋಡುತ್ತಿರುವಾಗ ನಾಯಕನನ್ನು ಮನೆಗೆ ಕಳಿಸುವುದು ಸುಲಭದ ತೀರ್ಮಾನವಲ್ಲ. ಆದರೆ ಈ ತಂಡಕ್ಕೆ ಮನಸ್ಸಿನ ವಿಷಯ ಹೊಸದೇನೂ ಆಗಿರಲಿಲ್ಲ. ಮೊದಮೊದಲು ಸೆಮಿಫೈನಲ್‌ವರೆಗೆ ಬಂದು ಅಲ್ಲಿ ಕೈಕಾಲು ನಡುಗಿ ಸೋಲುವ ತಂಡ ಎಂಬ ಕೆಟ್ಟ ಹೆಸರು ಇದೇ ಹುಡುಗರಿಗಿತ್ತು. 2016ರಲ್ಲಿ ಮಿಯಾ ಸ್ಟೆಲ್ಬರ್ಗ್ ಎಂಬ ಫಿನ್ಲೆಂಡಿನ ಕ್ರೀಡಾ ಮನಶ್ಶಾಸ್ತ್ರಜ್ಞೆ ಅವರ ಜೊತೆ ಕೆಲಸ ಮಾಡಿದರು. 2017ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ಮೊದಲ ಮೇಜರ್ ಬಂತು.

ಗ್ಲೇವ್ ಇಲ್ಲದಾಗ ತಂಡ ಎರವಲು ಆಟಗಾರರನ್ನೂ ಹೊಸಬರನ್ನೂ ಕೂರಿಸಿ ಹೇಗೋ ಸುಧಾರಿಸಿತು. ವಿಶ್ರಾಂತಿ ಮುಗಿಸಿ ಅವರು ಮರಳಿದ ಮೇಲೆ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಇಎಸ್ಎಲ್ ಪ್ರೊ ಲೀಗ್‌ನ ಯುರೋಪ್ ವಿಭಾಗದ ಪ್ರಶಸ್ತಿಯನ್ನು ಆಸ್ಟ್ರಾಲಿಸ್ ಗೆದ್ದಿತು. ರಜೆ ಕೊಟ್ಟದ್ದರಿಂದ ತಂಡಕ್ಕೆ ನಷ್ಟವಾಗಲಿಲ್ಲ.

ಇಷ್ಟಾದ ಮೇಲೆ ಆಸ್ಟ್ರಾಲಿಸ್‌ನವರಿಗೆ ಒಂದು ಯೋಚನೆ ಗಟ್ಟಿಯಾಯಿತು. ಐವರ ಆಟಕ್ಕೆ ಐವರನ್ನೇ ಇಟ್ಟುಕೊಳ್ಳುವುದೇಕೆ? ಆರನೆಯವನೊಬ್ಬ ಸದಾ ಸಿದ್ಧನಿರಲಿ. ಹೀಗೆ ಲೂಕಾಸ್ ಆಂಡರ್ಸನ್ ಎಂಬ ಯುವಕ ಸೇರಿದರು. ಆ ಆಟದಲ್ಲಿ ಬೇರೆ ಬೇರೆ ಕಣಗಳಿರುತ್ತವೆ, ಅವಕ್ಕೆ ‘ಮ್ಯಾಪ್’ ಎನ್ನುತ್ತಾರೆ. ಕೆಲವು ಮ್ಯಾಪಿನಲ್ಲಿ ಇವರು, ಉಳಿದವುಗಳಲ್ಲಿ ಇನ್ನೊಬ್ಬರು. ವಿಟಾಲಿಟಿ ಎಂಬ ಫ್ರೆಂಚ್ ತಂಡವೂ ಆರು ಜನರ ಪದ್ಧತಿ ಹಿಡಿದು ಆ ವರ್ಷದ ಕೊನೆಗೆ ಪ್ರಶಸ್ತಿ ಗೆದ್ದಿತು.

ಆಗ ಅಡ್ಡ ಬಂದದ್ದು ನಿಯಮ. ಈ ಆಟದ ಒಡೆತನವಿರುವ ಅಮೆರಿಕದ ವಾಲ್ವ್ ಕಂಪನಿ, ಮೇಜರ್‌ಗೆ ಅರ್ಹತೆ ಪಡೆಯಲು ತಂಡಗಳು ಕೂಡಿಹಾಕುವ ಅಂಕಗಳ ಲೆಕ್ಕವಿಡುತ್ತದೆ. 2021ರ ಲೆಕ್ಕದಲ್ಲಿ ಆಟಗಾರರನ್ನು ಬದಲಿಸಿದ ತಂಡಕ್ಕೆ ಶೇ 20 ಅಂಕ ಕಡಿತ! ಆರನೆಯವನನ್ನು ಇಟ್ಟುಕೊಂಡರೂ ಅವನನ್ನು ಕೂರಿಸಿದರೆ ದಂಡ ತೆರಬೇಕು ಎಂದಾದಾಗ ಯಾರು ಕೂರಿಸುತ್ತಾರೆ? ಬರುಬರುತ್ತಾ ತಂಡಗಳು ಮತ್ತೆ ಐವರಿಗೇ ಬಂದು ನಿಂತವು.

ಕಂಪನಿಯವರದು ಬರೀ ಕಲ್ಲುಮನಸ್ಸು ಎಂದು ಹೇಳಿಬಿಡುವುದು ನ್ಯಾಯವಲ್ಲ. ಮಿತಿಯಿಲ್ಲದೆ ಬದಲಾಯಿಸಬಹುದು ಎಂದರೆ ಹಣವಂತ ತಂಡ ಹತ್ತು ಪ್ರವೀಣರನ್ನು ಸಂಬಳಕ್ಕಿಟ್ಟು, ಒಂದೊಂದು ಮ್ಯಾಪಿಗೆ ಒಬ್ಬೊಬ್ಬ ಪರಿಣತನನ್ನು ಇಳಿಸುತ್ತದೆ. ಹಾಗಾದರೆ ಬಡ ತಂಡ ಏನು ಮಾಡಬೇಕು? ಇನ್ನೊಂದು ಅಪಾಯವೂ ಇದೆ. ಇಡೀ ವರ್ಷ ಬೆವರು ಸುರಿಸಿ ಅಂಕ ಗಳಿಸಿದವನನ್ನು ಕೊನೆಯ ಗಳಿಗೆಯಲ್ಲಿ ಹೊರಗಿಟ್ಟು, ದುಡ್ಡು ಕೊಟ್ಟು ತಂದವನನ್ನು ಕೂರಿಸಬಹುದು. ಅದಕ್ಕೇ ಮೇಜರ್‌ಗೆ ಅರ್ಹತೆ ಉಳಿಯಬೇಕಾದರೆ ಐವರಲ್ಲಿ ಕನಿಷ್ಠ ಮೂವರು ಹಳಬರಿರಬೇಕು ಎಂಬ ಕಟ್ಟಳೆ. ಇದೆಲ್ಲ ಸರಿಯೇ. ನನ್ನ ತಕರಾರು ಇಷ್ಟೇ: ಗೆಲ್ಲುವ ಲೆಕ್ಕಾಚಾರಕ್ಕೆ ಮಾಡಿದ ಬದಲಾವಣೆಯನ್ನೂ, ಒಬ್ಬ ಹುಡುಗನಿಗೆ ನಿದ್ದೆ ಬಾರದೆ ಕೈ ನಡುಗುತ್ತಿದೆ ಎಂದು ಮಾಡಿದ ಬದಲಾವಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬ್ಯಾಂಕಿನ ಮಾತು ಸ್ವಲ್ಪ ಹೇಳುತ್ತೇನೆ, ಬೇಸರಿಸಬೇಡಿ. ನಮ್ಮಲ್ಲಿ ‘ಲೀವ್ ರಿಸರ್ವ್’ ಗುಮಾಸ್ತ ಎಂದು ಒಬ್ಬ ಇರುತ್ತಿದ್ದ. ಯಾರು ರಜೆ ಹಾಕಿದರೂ ಅವರ ಕೌಂಟರಿನಲ್ಲಿ ಕೂರುವುದೇ ಅವನ ಕೆಲಸ. ಅವನಿದ್ದ ಶಾಖೆಯಲ್ಲಿ ಕ್ಯಾಷಿಯರ್ ನಿಶ್ಚಿಂತೆಯಿಂದ ರಜೆ ಕೇಳುತ್ತಿದ್ದ. ಅವನಿಲ್ಲದ ಸಣ್ಣ ಶಾಖೆಯಲ್ಲಿ ಕ್ಯಾಷಿಯರ್‌ಗೆ ಎದೆ ಭಾರವಾದರೂ ಬಾಯಿ ಬಿಡುತ್ತಿರಲಿಲ್ಲ; ಪಕ್ಕದವನ ತಲೆಗೆ ಹೊರೆ ಬೀಳುತ್ತದಲ್ಲ ಎಂಬ ಸಂಕೋಚ. ಇನ್ನು ಮನಸ್ಸು ಸರಿಯಿಲ್ಲ ಎಂದು ಅರ್ಜಿಯಲ್ಲಿ ಬರೆದವರನ್ನು ನನ್ನ ಇಡೀ ಸರ್ವೀಸಿನಲ್ಲಿ ನೋಡಲಿಲ್ಲ. ಎಲ್ಲರಿಗೂ ‘ಜ್ವರ’ವೇ. ಬದಲಿ ಮನುಷ್ಯನಿದ್ದಾನೆ ಎಂಬುದರ ಮೇಲೆಯೇ ಬಾಯಿ ಬಿಡುವ ಧೈರ್ಯ ನಿಂತಿರುತ್ತದೆ.

ಕ್ರಿಕೆಟ್ಟಿನವರು ಇದಕ್ಕೊಂದು ದಾರಿ ಮಾಡಿದ್ದಾರೆ. 2019ರಿಂದ, ತಲೆಗೆ ಪೆಟ್ಟು ಬಿದ್ದವನ ಬದಲಿಗೆ ಅವನಂಥದೇ ಇನ್ನೊಬ್ಬ ಆಟಗಾರ ಬ್ಯಾಟು-ಬೌಲು ಎರಡೂ ಮಾಡಬಹುದು. ಮ್ಯಾಚ್ ರೆಫರಿ ಒಪ್ಪಬೇಕು, ದಂಡವಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ ಸ್ಟೀವ್ ಸ್ಮಿತ್ ಬದಲಿಗೆ ಬಂದ ಮಾರ್ನಸ್ ಲಬುಶೇನ್ 59 ರನ್ ಹೊಡೆದದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್ ಮನಸ್ಸಿಗೆ ವಿಶ್ರಾಂತಿ ಬೇಕೆಂದು ಸರಣಿಯ ನಡುವೆಯೇ ಬಿಡುವು ಪಡೆದರು. ಆಡುವವರು ಹನ್ನೊಂದಾದರೂ ಹೆಚ್ಚಿಗೆ ಆಟಗಾರರಿರುವ ತಂಡವಾದ್ದರಿಂದ ಅದು ಸಾಧ್ಯವಾಯಿತು. ಇ-ಸ್ಪೋರ್ಟ್ಸಿನಲ್ಲೂ ವೈದ್ಯರ ಪತ್ರ ನೋಡಿ, ಪಂದ್ಯಾವಳಿಯ ಅಧಿಕಾರಿ ಒಪ್ಪಿದರೆ, ಅಂಕ ಕಡಿಯದೆ ಬದಲಿಯವನನ್ನು ಕೂರಿಸಲಿ ಎಂಬುದು ನನ್ನ ಅಭಿಪ್ರಾಯ. ಸುಳ್ಳು ಪತ್ರ ತರುವವರೂ ಇರುತ್ತಾರೆ, ನಿಜ. ಅದಕ್ಕೆ ಹೆದರಿ ಮೆಡಿಕಲ್ ರಜೆಯನ್ನೇ ಯಾವ ಕಚೇರಿಯೂ ರದ್ದು ಮಾಡಲಿಲ್ಲವಲ್ಲ!

ಆದರೆ ಬದಲಿಯವನನ್ನು ಕೂರಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. ಇದಕ್ಕೆ ಕೊರಿಯಾದ ಕಡೆ ನೋಡಬೇಕು. ಊಝಿ ಆಡುತ್ತಿದ್ದ ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ, ನಡೆಯುತ್ತಿರುವ ಆಟದ ಮಧ್ಯೆ ಬದಲಾವಣೆ ಇಲ್ಲದಿದ್ದರೂ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ ಬದಲಾಯಿಸಬಹುದು. 2015ರಲ್ಲಿ ಎಸ್‌ಕೆ ಟೆಲಿಕಾಂ ತಂಡದಲ್ಲಿ ಒಂದೇ ಸ್ಥಾನಕ್ಕೆ ಫೇಕರ್ ಮತ್ತು ಈಸಿಹೂನ್ ಎಂಬ ಇಬ್ಬರು ಇದ್ದರು. ಕೆಲವು ಆಟ ಅವರು, ಕೆಲವು ಆಟ ಇವರು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಅವರದೇ ಆಯಿತು. ಫೇಕರ್, ಅಂದರೆ ಲೀ ಸಾಂಗ್-ಹ್ಯೋಕ್, ಈ ಆಟದ ತೆಂಡೂಲ್ಕರ್ ಎಂದುಕೊಳ್ಳಿ.

2023ರ ಜುಲೈನಲ್ಲಿ ಅದೇ ಫೇಕರ್‌ಗೆ ಕೈ ನೋವು ಬಂದು ಕೂರಲಾಗಲಿಲ್ಲ. ತಂಡದ ಹೆಸರು ಆ ಹೊತ್ತಿಗೆ ಟಿ1 ಎಂದಾಗಿತ್ತು. ಕಿರಿಯರ ತಂಡದ ಪೋಬಿ ಎಂಬ ಹುಡುಗನನ್ನು ಕರೆತಂದು ಕೂರಿಸಿದರು. ಅಲ್ಲಿಯವರೆಗೆ 6 ಗೆದ್ದು 2 ಸೋತಿದ್ದ ತಂಡ, ಅವರಿಲ್ಲದ 8 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ಆ ಹುಡುಗನ ಮೇಲೆ ಎಷ್ಟು ಭಾರ ಬಿದ್ದಿರಬೇಡ! ನನಗೆ ಫೇಕರ್‌ಗಿಂತ ಅವನ ಮೇಲೇ ಹೆಚ್ಚು ಕನಿಕರ. ಅಣ್ಣನ ಅಳತೆಯ ಅಂಗಿ ತೊಡಿಸಿ ವೇದಿಕೆಗೆ ತಳ್ಳಿದಂತೆ. ಆರನೆಯವನನ್ನು ಅಪಘಾತವಾದ ಮೇಲೆ ಹುಡುಕುವುದಲ್ಲ, ಮೊದಲಿಂದಲೇ ಜೊತೆಗೆ ಅಭ್ಯಾಸ ಮಾಡಿಸಿರಬೇಕು. ಫೇಕರ್ ಆಗಸ್ಟಿನಲ್ಲಿ ಮರಳಿದರು. ನವೆಂಬರ್ 19ರಂದು ಸೋಲ್ ನಗರದಲ್ಲಿ ಟಿ1 ವಿಶ್ವ ಚಾಂಪಿಯನ್ ಆಯಿತು.

ಅದಕ್ಕೂ ಮುಂಚೆ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್. ಇ-ಸ್ಪೋರ್ಟ್ಸಿಗೆ ಪದಕ ಕೊಟ್ಟ ಮೊದಲ ಏಷ್ಯನ್ ಗೇಮ್ಸ್ ಅದು. ಕೊರಿಯಾ ತಂಡದ ಪಟ್ಟಿಯಲ್ಲಿ ಆರು ಹೆಸರುಗಳಿದ್ದವು. ಫೇಕರ್‌ಗೆ ಅಲ್ಲಿ ಜ್ವರ. ಸೆಮಿಫೈನಲ್ಲೂ ಫೈನಲ್ಲೂ ಆಡಿದ್ದು ಅದೇ ಸ್ಥಾನದ ಚೋವಿ ಎಂಬ ಇನ್ನೊಬ್ಬ ನುರಿತ ಆಟಗಾರ. ಕೊರಿಯಾ ಗೆದ್ದಿತು. ಆಡಿದವರಿಗೂ ಬೆಂಚಿನಲ್ಲಿದ್ದವರಿಗೂ, ಆರೂ ಮಂದಿಗೂ ಚಿನ್ನ. ಆ ದೇಶದಲ್ಲಿ ಯುವಕರು ಒಂದೂವರೆ ವರ್ಷ ಕಡ್ಡಾಯವಾಗಿ ಸೈನ್ಯದಲ್ಲಿರಬೇಕು. ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರಿಗೆ ಅದರಿಂದ ವಿನಾಯಿತಿ. ಅದೂ ಆರು ಮಂದಿಗೂ ಸಿಕ್ಕಿತು.

ಇನ್ನು ನಮ್ಮ ದೇಶ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಸ್ಪೋರ್ಟ್ಸನ್ನು ಕ್ರೀಡಾ ಸಚಿವಾಲಯದ ವ್ಯಾಪ್ತಿಗೆ ತಂದಿತು. 2025ರ ಆಗಸ್ಟಿನಲ್ಲಿ ಬಂದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸಿಗೆ ಬೇರೆಯೇ ಮಾನ್ಯತೆ ಕೊಟ್ಟಿತು. ಎರಡನ್ನೂ ಒಂದೇ ಎಂದು ತಿಳಿದು ಮೊಮ್ಮಕ್ಕಳನ್ನು ಬೈಯುವ ಮುನ್ನ ಅಜ್ಜಂದಿರು ಈ ವ್ಯತ್ಯಾಸ ತಿಳಿದಿರಲಿ. ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿರುವ ಬಿಜಿಎಂಐ ಎಂಬ ಮೊಬೈಲ್ ಆಟದ ಪಂದ್ಯಾವಳಿಗಳಲ್ಲಿ ಆಡುವವರು ನಾಲ್ವರಾದರೂ ತಂಡದ ಪಟ್ಟಿಯಲ್ಲಿ ಬದಲಿಯವನ ಹೆಸರಿಗೂ ಜಾಗವಿದೆ. 2023ರ ಮೇ ತಿಂಗಳಲ್ಲಿ ಆ ಆಟ ಮರಳಿ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿದ್ದರು. ಮೂರು ಗಂಟೆಯೂ ಹೆಚ್ಚೇ ಎಂದು ನಿಮ್ಮ ಅಜ್ಜಿ ಹೇಳಿದರೆ ನಾನು ಅಜ್ಜಿಯ ಪಕ್ಷ.

ಮಕ್ಕಳೇ, ಉದ್ಯೋಗವಾಗಿ ಆಡುವವರ ಬಳಲಿಕೆ ಒಂದು, ಆಟ ಬಿಡಲಾಗದೆ ಊಟ-ಪಾಠ ಮರೆಯುವುದು ಇನ್ನೊಂದು. ಎರಡನೆಯದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಗೇ ಸೇರಿಸಿದೆ. ಅದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಷಟ್ ಕ್ಲಿನಿಕ್’ ಎಂಬ ಚಿಕಿತ್ಸಾಲಯ 2014ರಿಂದಲೇ ಇದೆ. ಯಾವ ಬಗೆಯ ಬಳಲಿಕೆಯಾದರೂ ಮನೆಯವರಲ್ಲಿ ಹೇಳಿಕೊಳ್ಳಲಾಗದಿದ್ದರೆ 14416ಕ್ಕೆ ಕರೆ ಮಾಡಬಹುದು. ಅದು ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಸಲ ಪಂದ್ಯ ನೋಡಲು ಕೂತಾಗ ಅಜ್ಜನನ್ನೂ ಪಕ್ಕಕ್ಕೆ ಕರೆದು ಕೂರಿಸಿಕೊಂಡು, ಎರಡೂ ತಂಡಗಳ ಪಟ್ಟಿಯಲ್ಲಿ ಆರನೆಯ ಹೆಸರಿದೆಯೇ ಎಂದು ಇಬ್ಬರೂ ಹುಡುಕಿ ನೋಡಿ.