ಡ್ರೋನ್ ಮೇಲೇಳುವ ಮೊದಲೇ ಎದೆ ಬಡಿತ ಏರಿದರೆ



“ಡಾಕ್ಟ್ರೇ, ರಿಮೋಟ್ ಕೈಗೆ ತಗೊಂಡ ಕೂಡಲೇ ಎದೆ ಡವಡವ ಅನ್ನುತ್ತೆ, ಬೆರಳು ನಡುಗುತ್ತೆ. ನನಗೆ ಹಾರ್ಟ್ ಪ್ರಾಬ್ಲಂ ಇದೆಯಾ? ಈ ಟ್ರೇನಿಂಗ್ ಬಿಟ್ಟುಬಿಡ್ಲಾ?”

ಹೊಸದಾಗಿ ಡ್ರೋನ್ ಹಾರಿಸಲು ಕಲಿಯುವವರ ಈ ಪ್ರಶ್ನೆಗೆ ಇವತ್ತಿನ ಲೇಖನ. ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಬರೀ ಹೆದರಿಕೆಯನ್ನು ಕಾಯಿಲೆ ಎಂದುಕೊಂಡರೆ ಒಂದು ಸಂಪಾದನೆಯ ದಾರಿ ಕೈತಪ್ಪುತ್ತದೆ. ಅಪರೂಪಕ್ಕೆ ಇರುವ ನಿಜವಾದ ಕಾಯಿಲೆಯನ್ನು ಹೆದರಿಕೆ ಎಂದುಕೊಂಡರೆ ಜೀವಕ್ಕೇ ಕುತ್ತು. ಎರಡನ್ನೂ ಬೇರೆ ಮಾಡಿ ನೋಡೋಣ.

ಈಗ ಈ ಮಾತು ಯಾಕೆ?

ನಾಗಪುರ ಜಿಲ್ಲೆಯ ಖಾಪರಖೇಡಾ ಎಂದ ಕೂಡಲೇ ನೆನಪಾಗುವುದು ಮಹಾಜೆನ್‌ಕೋದ 1340 ಮೆಗಾವಾಟ್ ವಿದ್ಯುತ್ ಸ್ಥಾವರ, ಅದರ ಎತ್ತರದ ಚಿಮಣಿಗಳು. ಆದರೆ ಊರು ದಾಟಿದರೆ ಹತ್ತಿ, ಸೋಯಾಬೀನ್, ಕಿತ್ತಳೆ ತೋಟ. ಇಂಥ ಕಡೆ ಬೆಳೆಗೆ ಔಷಧಿ ಹೊಡೆಯುವ ಡ್ರೋನ್‌ಗೆ ಕೆಲಸವಿದೆ. ಕೇಂದ್ರ ಸರ್ಕಾರದ ‘ನಮೋ ಡ್ರೋನ್ ದೀದಿ’ ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳು. ಡ್ರೋನ್ ಬೆಲೆಯಲ್ಲಿ ಶೇ. 80ರಷ್ಟು, ಹೆಚ್ಚೆಂದರೆ 8 ಲಕ್ಷ ರೂಪಾಯಿ ನೆರವು, ಆರಿಸಿದ ಸದಸ್ಯೆಗೆ 15 ದಿನಗಳ ತರಬೇತಿ ಇದರಲ್ಲಿ ಸೇರಿವೆ. 2024ರ ಮಾರ್ಚ್ 11ರಂದು ದೆಹಲಿಯಲ್ಲಿ 1,000 ಡ್ರೋನ್‌ಗಳನ್ನು ಹೀಗೆ ಮಹಿಳೆಯರಿಗೆ ಕೊಡಲಾಯಿತು. ಮದುವೆ, ಸರ್ವೆ ಕೆಲಸಕ್ಕೆಂದು ಕಲಿಯುವ ಹುಡುಗರು ಬೇರೆ.

ಊರು ಬಿಟ್ಟು ಬಂದವರಿಗೆ ಹೆದರಿಕೆ ಇನ್ನೊಂದು ತೂಕ ಹೆಚ್ಚು. ಯಂತ್ರ ಹೊಸದು, ಕ್ಲಾಸು ಹಿಂದಿಯಲ್ಲಿ, ಸುತ್ತ ನಿಂತವರ ಮಾತು ಮರಾಠಿಯಲ್ಲಿ. ಡ್ರೋನ್ ಬಿದ್ದರೆ ದುಡ್ಡೂ ಹೋಯಿತು, ಮರ್ಯಾದೆಯೂ ಹೋಯಿತು ಎಂಬ ಯೋಚನೆ. ಎದೆ ಹೊಡೆದುಕೊಳ್ಳದೆ ಇದ್ದರೇ ಆಶ್ಚರ್ಯ.

ಎದೆಯೊಳಗೆ ಏನಾಗುತ್ತದೆ?

ಮೆದುಳು ‘ಅಪಾಯ’ ಎಂದ ಕೂಡಲೇ ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಇರುವ ಬಡಿತ 110, 120ಕ್ಕೆ ಏರುತ್ತದೆ. ಸ್ನಾಯುಗಳು ಬಿಗಿಯಾಗಿ ಬೆರಳು ಸಣ್ಣಗೆ ನಡುಗುತ್ತದೆ. ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಉಸಿರು ಮೇಲಿಂದ ಮೇಲೆ ಎಳೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತುಟಿ, ಬೆರಳ ತುದಿ ಜುಮುಜುಮು ಎನ್ನುತ್ತದೆ. ಜನ ಲಕ್ವ ಎಂದು ಗಾಬರಿಯಾಗುವುದು ಇದಕ್ಕೇ.

ಹೃದಯ ಗಟ್ಟಿಯಾಗಿರುವವರಲ್ಲಿ ಇದರಿಂದ ಅಪಾಯವಿಲ್ಲ. ಬಸ್ಸು ಹಿಡಿಯಲು ಓಡಿದಾಗಲೂ ಬಡಿತ ಇಷ್ಟೇ ಏರುತ್ತದೆ. ವ್ಯತ್ಯಾಸ ಒಂದೇ: ಓಡುವಾಗ ಕಾಲಿಗೆ ಕೆಲಸವಿದೆ, ಇಲ್ಲಿ ನಿಂತಲ್ಲೇ ನಿಲ್ಲಬೇಕು. ದೇಹ ಸಿದ್ಧವಾಗಿದೆ, ಕೆಲಸ ಕೊಡುವುದಷ್ಟೇ ಬಾಕಿ.

ಗಾಬರಿಗೂ ಡ್ರೋನ್‌ಗೂ ಹೊಂದಿಕೆಯಿಲ್ಲ

ಹೆದರಿದಾಗ ನಮ್ಮ ಕೈ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಜೋರಾಗಿ ಒತ್ತುತ್ತದೆ. ಜಿಪಿಎಸ್ ಇರುವ ಡ್ರೋನ್‌ಗೆ ಬೇಕಾದ್ದು ಇದರ ತದ್ವಿರುದ್ಧ. ಸ್ಟಿಕ್ ಬಿಟ್ಟರೆ ಅದು ತಾನೇ ಬ್ರೇಕ್ ಹಾಕಿ ಇದ್ದಲ್ಲೇ ತೇಲುತ್ತದೆ. ಆದ್ದರಿಂದ ಮೊದಲು ಕಲಿಯಬೇಕಾದ ಪಾಠ ಹಾರಿಸುವುದಲ್ಲ, ಕೈ ಬಿಡುವುದು. ನಿಮ್ಮ ಯಂತ್ರಕ್ಕೆ ಈ ಗುಣ ಇದೆಯೇ, ಸ್ಟಿಕ್ ತಾನಾಗಿ ನಡುವಿಗೆ ಬರುತ್ತದೆಯೇ ಎಂದು ಬೋಧಕರನ್ನು ಮೊದಲೇ ಕೇಳಿಕೊಳ್ಳಿ. ಜಿಪಿಎಸ್ ಸಿಗ್ನಲ್ ಹಿಡಿಯುವ ತನಕ ಮೇಲೇಳಿಸಬೇಡಿ.

ಇನ್ನೊಂದು ಗೊಂದಲ ದಿಕ್ಕಿನದು. ಡ್ರೋನ್‌ನ ಮೂತಿ ನಿಮ್ಮ ಕಡೆ ತಿರುಗಿದಾಗ ಎಡ-ಬಲ ಅದಲುಬದಲಾಗುತ್ತದೆ. ಬಲಕ್ಕೆ ತಳ್ಳಿದರೆ ಎಡಕ್ಕೆ ಬರುತ್ತದೆ. ಹೊಸಬರ ಎದೆ ಝಲ್ಲೆನ್ನುವುದು ಹೆಚ್ಚಾಗಿ ಇಲ್ಲೇ. ಮೊದಲ ಕೆಲವು ದಿನ ಡ್ರೋನ್‌ನ ಬೆನ್ನು ಸದಾ ನಿಮ್ಮ ಕಡೆಗೇ ಇರಲಿ.

ಮೊದಲ ಹಾರಾಟಕ್ಕೆ ಆರು ಸೂತ್ರ

1. ಬೆಳಿಗ್ಗೆ ಬೇಗ ಹೋಗಿ. ಬೇಸಿಗೆಯಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಬಿಸಿಲು, ನೀರು ಕಡಿಮೆ, ಖಾಲಿ ಹೊಟ್ಟೆ, ಮೇಲೆ ಎರಡು ಕಪ್ ಗಟ್ಟಿ ಚಹಾ: ಇಷ್ಟು ಸೇರಿದರೆ ಹೆದರಿಕೆ ಇಲ್ಲದವರಿಗೂ ಎದೆ ಹೊಡೆದುಕೊಳ್ಳುತ್ತದೆ. ತಿಂಡಿ ತಿನ್ನಿ, ನೀರು ಕುಡಿಯಿರಿ, ಚಹಾ ಹಾರಾಟ ಮುಗಿದ ಮೇಲೆ.

2. ಉಸಿರು. 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ. ನಿಮಿಷಕ್ಕೆ 6 ಉಸಿರು, ಹೀಗೆ 3 ನಿಮಿಷ. ಉಸಿರು ಬಿಡುವಾಗ ವೇಗಸ್ ನರ ಹೃದಯದ ವೇಗ ತಗ್ಗಿಸುತ್ತದೆ. ಅದಕ್ಕೇ ಹೊರಗೆ ಬಿಡುವುದು ಉದ್ದವಿರಬೇಕು.

3. ಗಟ್ಟಿಯಾಗಿ, ಕನ್ನಡದಲ್ಲಿ ಹೇಳಿಕೊಳ್ಳಿ. “ರೆಕ್ಕೆ ನೋಡಿದೆ. ಬ್ಯಾಟರಿ ನೋಡಿದೆ. ಜಿಪಿಎಸ್ ಬಂದಿದೆ. ಜನ ದೂರ ಇದ್ದಾರೆ. ತಂತಿ ಇಲ್ಲ.” ಹಿಂದಿಯಲ್ಲಿ ಕಲಿತದ್ದನ್ನು ನಿಮ್ಮ ಮಾತಿನಲ್ಲಿ ಚೀಟಿ ಬರೆದಿಟ್ಟುಕೊಳ್ಳಿ. ಗಾಬರಿಯಲ್ಲಿ ಮೊದಲು ನೆನಪಿಗೆ ಬರುವುದು ಮನೆಮಾತೇ.

4. ಮೊಣಕೈಗಳನ್ನು ಪಕ್ಕೆಗೆ ಆನಿಸಿ, ಸ್ಟಿಕ್ ಅನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿಯಿರಿ. ಕುತ್ತಿಗೆಗೆ ಪಟ್ಟಿ ಹಾಕಿ ರಿಮೋಟ್ ನೇತುಹಾಕಿ. ನಡುಕ ಇದ್ದರೂ ಸ್ಟಿಕ್‌ಗೆ ತಲುಪುವುದು ಕಡಿಮೆ.

5. ಗುರಿ ಚಿಕ್ಕದಿರಲಿ. ಮೊದಲ ದಿನ ಎರಡು ಮೀಟರ್ ಮೇಲೆ, ಅಲ್ಲೇ ಹತ್ತು ಎಣಿಕೆ, ಇಳಿಸು. ಇಷ್ಟನ್ನೇ ಹತ್ತು ಸಲ ಮಾಡಿ. ಅದಕ್ಕೂ ಮೊದಲು ಸಿಮ್ಯುಲೇಟರ್‌ನಲ್ಲಿ ಬೇಕಾದಷ್ಟು ಸಲ ಬೀಳಿಸಿ ಕಲಿಯಿರಿ. ಅಲ್ಲಿ ಬಿದ್ದರೆ ಖರ್ಚಿಲ್ಲ. ಹೆದರಿಕೆ ಮಾತಿನಿಂದ ಹೋಗುವುದಿಲ್ಲ, ಸಲೀಸಾಗುವ ತನಕ ಮಾಡುವುದರಿಂದ ಹೋಗುತ್ತದೆ.

6. ನಿಮ್ಮನ್ನು ಹುರಿದುಂಬಿಸುವ ಒಬ್ಬರನ್ನು ಮಾತ್ರ ಕರೆದುಕೊಂಡು ಹೋಗಿ. ವಿಡಿಯೋ ಮಾಡುವವರು ಮುಂದಿನ ವಾರ ಬರಲಿ.

ಇನ್ನೊಂದು ಮಾತು. “ಶಾಂತವಾಗಿರು” ಎಂದು ನಿಮಗೆ ನೀವೇ ಗದರಿಕೊಳ್ಳಬೇಡಿ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಾಡು, ಭಾಷಣ, ಲೆಕ್ಕದ ಪರೀಕ್ಷೆಗೆ ಮೊದಲು ತಮ್ಮ ಕಳವಳವನ್ನೇ ಹುರುಪು ಎಂದುಕೊಂಡವರು ಚೆನ್ನಾಗಿ ಮಾಡಿದರು. ಬಡಿತ ಇಳಿಯಲಿಲ್ಲ, ಅದರ ಅರ್ಥ ಬದಲಾಯಿತು.

ಮಾತ್ರೆ ನುಂಗಬೇಡಿ

“ಪ್ರೊಪ್ರನೊಲಾಲ್ ಒಂದು ಹಾಕ್ಕೊ, ನಡುಕ ನಿಲ್ಲುತ್ತೆ” ಎಂದು ಗೆಳೆಯರು ಹೇಳಬಹುದು. ಅದು ಬಡಿತ, ನಡುಕ ಎರಡನ್ನೂ ತಗ್ಗಿಸುವುದು ನಿಜ. ಆದರೆ ಅಸ್ತಮಾ ಇದ್ದವರಿಗೆ ಉಸಿರು ಕಟ್ಟಿಸಬಹುದು, ನಾಡಿ ನಿಧಾನವಿದ್ದವರಿಗೆ ತಲೆಸುತ್ತು ಬರಿಸಬಹುದು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿದ ಸೂಚನೆಯನ್ನೇ ಮರೆಮಾಡಬಹುದು. ವೈದ್ಯರು ಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ನಿದ್ದೆ ಮಾತ್ರೆ, ಮದ್ಯ ಎರಡೂ ಕೈಯ ಚುರುಕು ಕಡಿಮೆ ಮಾಡುತ್ತವೆ. ಅವನ್ನು ತೆಗೆದುಕೊಂಡು ರಿಮೋಟ್ ಮುಟ್ಟಲೇಬೇಡಿ.

ಯಾವಾಗ ವೈದ್ಯರ ಬಳಿ ಹೋಗಬೇಕು?

ಹೆದರಿಕೆಯ ಬಡಿತ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಡ್ರೋನ್ ಇಳಿಸಿ ಕೂತರೆ ಸ್ವಲ್ಪ ಹೊತ್ತಿನಲ್ಲಿ ಸರಿಹೋಗುತ್ತದೆ. ಕೆಳಗಿನವು ಹಾಗಲ್ಲ:

• ಸ್ವಿಚ್ ಹಾಕಿದಂತೆ ಥಟ್ಟನೆ ಶುರುವಾಗಿ ಥಟ್ಟನೆ ನಿಲ್ಲುವ ಬಡಿತ
• ನಿಂತಲ್ಲೇ 150 ದಾಟುವ ಅಥವಾ ಲಯ ತಪ್ಪಿದ ನಾಡಿ
• ಸುಮ್ಮನೆ ಮನೆಯಲ್ಲಿ ಕೂತಾಗಲೂ ಬರುವ ಬಡಿತ
• ಬಡಿತದ ಜೊತೆ ಕಣ್ಣು ಕತ್ತಲಿಡುವುದು, ಎಚ್ಚರ ತಪ್ಪುವುದು
• ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡವರು ಇರುವುದು

ಇವುಗಳಲ್ಲಿ ಒಂದಿದ್ದರೂ ಹಾರಾಟ ನಿಲ್ಲಿಸಿ, ಇಸಿಜಿ ಮಾಡಿಸಿ. ಬಡಿತ ಇರುವಾಗಲೇ ತೆಗೆದ ಇಸಿಜಿ ಹೆಚ್ಚು ಉಪಯುಕ್ತ. ಆಸ್ಪತ್ರೆ ದೂರವಿದ್ದರೆ ನಾಡಿಯನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ, ಸಮಯದ ಜೊತೆ ಬರೆದಿಡಿ. ಎದೆಯಲ್ಲಿ ಭಾರ, ನೋವು ಬಂದು ತೋಳು, ದವಡೆಗೆ ಹರಡಿದರೆ, ತಣ್ಣಗೆ ಬೆವರಿದರೆ ಅಥವಾ ಎಚ್ಚರ ತಪ್ಪಿದರೆ ಕಾಯಬೇಡಿ. ಮಹಾರಾಷ್ಟ್ರ, ಕರ್ನಾಟಕ ಎರಡರಲ್ಲೂ ಆಂಬುಲೆನ್ಸ್ ಸಂಖ್ಯೆ 108.

ನಿಯಮ ಗೊತ್ತಿದ್ದರೆ ಅರ್ಧ ಧೈರ್ಯ

‘ಯಾರಾದರೂ ಬಂದು ಹಿಡಿದರೆ?’ ಎಂಬ ಅಳುಕೂ ಎದೆ ಬಡಿತ ಏರಿಸುತ್ತದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿ ತನಕ ಹಾರಿಸಲು ಮುಂಚೆ ಅನುಮತಿ ಬೇಡ. ಹಳದಿ, ಕೆಂಪು ವಲಯಕ್ಕೆ ಬೇಕೇ ಬೇಕು. ವಿದ್ಯುತ್ ಸ್ಥಾವರ, ಹೈಟೆನ್ಷನ್ ತಂತಿ ಹತ್ತಿರವಿರುವ ಖಾಪರಖೇಡಾದಂಥ ಊರಲ್ಲಿ ಕಾಲೊನಿ ಮೈದಾನ ಖಾಲಿ ಇದೆ ಎಂದು ಹಾರಿಸಲು ಹೋಗಬೇಡಿ. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ವಲಯ ನೋಡಿ, ತಂತಿಯಿಂದ ದೂರದ ಬಯಲಿಗೆ ಹೋಗಿ. 250 ಗ್ರಾಂ ಮೀರದ ನ್ಯಾನೊ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ. ಔಷಧಿ ಹೊಡೆಯುವ ದೊಡ್ಡ ಡ್ರೋನ್‌ಗೆ ಬೇಕು. ಅದಕ್ಕೆ ವಯಸ್ಸು 18ರಿಂದ 65, ಓದು ಹತ್ತನೇ ತರಗತಿ ಪಾಸ್, ಕಲಿಕೆ ಡಿಜಿಸಿಎ ಮಾನ್ಯತೆಯ ಸಂಸ್ಥೆಯಲ್ಲಿ.

ಮನೆಯವರಿಗೂ ಒಂದು ವಿನಂತಿ. ಕಲಿಯಲು ಹೊರಟವರಿಗೆ “ಹುಷಾರು, ಬೀಳಿಸ್ಬೇಡ” ಎನ್ನಬೇಡಿ. “ಗಾಬರಿ ಆದ್ರೆ ಕೈ ಬಿಡು, ಉಸಿರು ಬಿಡು, ಆಮೇಲೆ ನೋಡು” ಎನ್ನಿ. ಹತ್ತನೇ ಹಾರಾಟದಲ್ಲೂ ಎದೆ ಸ್ವಲ್ಪ ಹೊಡೆದುಕೊಂಡೀತು. ಹೊಡೆದುಕೊಳ್ಳಲಿ, ಬೆರಳಿಗೆ ತನ್ನ ಕೆಲಸ ಗೊತ್ತಿದ್ದರೆ ಸಾಕು.

ನಿಮ್ಮ ಬಳಗದಲ್ಲಿ ಯಾರಾದರೂ ಡ್ರೋನ್ ಕಲಿಯುತ್ತಿದ್ದರೆ ಈ ಲೇಖನ ಅವರಿಗೆ ಕಳುಹಿಸಿ.