ಕಡತಗಳಿಗೆ ಬೇರೊಂದು ಮನೆ

ವಿದ್ಯಾರ್ಥಿಗಳಲ್ಲಿ ಅನೇಕರು ತಮ್ಮ ಟಿಪ್ಪಣಿಗಳನ್ನೂ ಭಾವಚಿತ್ರಗಳನ್ನೂ ಗಣಕಯಂತ್ರದ ‘ಡಿ’ ವಿಭಾಗದಲ್ಲಿರಿಸಿ, ಅವು ಸುರಕ್ಷಿತವಾದುವೆಂದು ಭಾವಿಸುತ್ತಾರೆ. ಇದು ಅರ್ಧ ಮಾತ್ರ ಸರಿ. ‘ಸಿ’ಯಲ್ಲಿರುವ ವಿಂಡೋಸ್ ಕೆಟ್ಟು, ಅದನ್ನು ಅಳಿಸಿ ಮರಳಿ ಸ್ಥಾಪಿಸಬೇಕಾದಾಗ ‘ಡಿ’ಯಲ್ಲಿರುವುದು ಉಳಿದೀತು, ನಿಜ. ಆದರೆ ಇವೆರಡೂ ಅನೇಕ ವೇಳೆ ಒಂದೇ ಹಾರ್ಡ್ ಡಿಸ್ಕಿನ ಭಾಗಗಳು. ಒಂದೇ ಕೋಣೆಯ ನಡುವೆ ಸೀಮೆಸುಣ್ಣದಿಂದ ಗೆರೆ ಎಳೆದಂತೆ. ಸೂರೇ ಕುಸಿದರೆ ಆ ಗೆರೆಯಿಂದೇನು ಪ್ರಯೋಜನ?

ಡಿಸ್ಕಿನ ಒಳಗನ್ನು ನೋಡೋಣ. ಕಾಂತೀಯ ಲೇಪವುಳ್ಳ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಅವುಗಳ ಮೇಲೆ ಬರೆಯುವ, ಬರೆದುದನ್ನು ಓದುವ ಶಿರವು ತಟ್ಟೆಯನ್ನು ಮುಟ್ಟುವುದಿಲ್ಲ. ಕೆಲವೇ ನ್ಯಾನೋಮೀಟರುಗಳಷ್ಟು ಮೇಲೆ, ತಟ್ಟೆಯೊಡನೆ ಸುತ್ತುವ ಗಾಳಿಯ ಪದರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೋ ಹತ್ತಾರು ಸಾವಿರ ನ್ಯಾನೋಮೀಟರು! ತಿರುಗುತ್ತಿರುವಾಗ ಪೆಟ್ಟು ಬಿದ್ದು ಶಿರ ತಗುಲಿದರೆ ಲೇಪವೇ ಕೆರೆದುಹೋದೀತು. ಮೋಟಾರು ಕೆಟ್ಟರಂತೂ ‘ಸಿ’, ‘ಡಿ’ ಎರಡೂ ಒಟ್ಟಿಗೆ ಮೌನ ತಾಳುತ್ತವೆ. (ತಟ್ಟೆಯೇ ಇಲ್ಲದ ಎಸ್.ಎಸ್.ಡಿ.ಗೂ ಒಳಗಿನ ನಿಯಂತ್ರಕ ಕೆಟ್ಟರೆ ಇದೇ ಗತಿ.)

ಬೇರೆ ಡಿಸ್ಕೆಂದರೆ ಬೇರೆಯೇ ತಟ್ಟೆ, ಬೇರೆಯೇ ಮೋಟಾರು. ಅದೂ ಯಂತ್ರವೇ ಆದುದರಿಂದ ಕಡತಗಳನ್ನು ಅಲ್ಲಿಗೆ ಸಾಗಿಸಿಬಿಡದೆ, ಮೂಲವನ್ನು ಇಲ್ಲಿಯೇ ಉಳಿಸಿ ಪ್ರತಿಯನ್ನು ಅಲ್ಲಿರಿಸಬೇಕು. ಪ್ರತಿ ಮಾಡಿದೊಡನೆ ತಂತಿ ಕಳಚಿಡುವುದು ಲೇಸು. ಆಗ ಸಿಡಿಲಿನಿಂದ ಹರಿದುಬರುವ ವಿದ್ಯುತ್ತಾಗಲಿ, ವೈರಸ್ಸಾಗಲಿ ಅದನ್ನು ಮುಟ್ಟಲಾರದು.